ಬೀರುವಿನಿಂದ ಮಕ್ಕಳ ಕೈಗೆ: ಮಲೆನಾಡಿನ ಪ್ರಾಥಮಿಕ ಶಾಲೆಯಲ್ಲಿ ಗ್ರಂಥಾಲಯ ನಡೆಸುವ ಬಗೆ

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಕಲೇಶಪುರದ ಕಡೆ, ಕಾಫಿ ತೋಟಗಳ ನಡುವಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಪಾಠ ಮಾಡುತ್ತೇನೆ. ಒಂದರಿಂದ ಏಳರವರೆಗೆ ತರಗತಿ, ನಾಲ್ವರು ಶಿಕ್ಷಕರು, ಅರವತ್ತರ ಆಸುಪಾಸಿನಲ್ಲಿ ಮಕ್ಕಳು. ನಮ್ಮಂಥ ಶಾಲೆಗೆ ಗ್ರಂಥಪಾಲಕರಿರುವುದಿಲ್ಲ. ಗಣಿತ ಹೇಳಿಕೊಡುವವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಅವರೇ ಪುಸ್ತಕವನ್ನೂ ಕೊಡಬೇಕು. ಹಾಗಾಗಿ ಇಲ್ಲಿ ಬರೆದಿರುವುದು ಪ್ರತ್ಯೇಕ ಕೋಣೆ, ಪ್ರತ್ಯೇಕ ಸಿಬ್ಬಂದಿ ಇರುವ ಶಾಲೆಗಳಿಗಲ್ಲ. ಒಂದು ಬೀರು, ಒಂದು ಜಮಖಾನ, ವಾರಕ್ಕೆ ಎರಡು ಅವಧಿ, ಇಷ್ಟೇ ಇರುವವರಿಗೆ.

1. ಮೊದಲು ಬೀಗದ ಭಯ ಬಿಡಿಸಿಕೊಳ್ಳಿ

ಪುಸ್ತಕ ಖರೀದಿಯಿಂದ ಶುರು ಮಾಡಬೇಡಿ. ಬಹುತೇಕ ಶಾಲೆಗಳಲ್ಲಿ ಪುಸ್ತಕಗಳು ಆಗಲೇ ಇರುತ್ತವೆ, ಬೀರುವಿನೊಳಗೆ, ಬೀಗ ಹಾಕಿಕೊಂಡು. ಆ ಬೀಗಕ್ಕೆ ಕಾರಣ ಶಿಕ್ಷಕರ ಸೋಮಾರಿತನ ಎಂದು ಹೊರಗಿನವರು ತಿಳಿಯುತ್ತಾರೆ. ನಿಜವಾದ ಕಾರಣ ದಾಸ್ತಾನು ವಹಿ. ವರ್ಗವಾದಾಗ, ನಿವೃತ್ತಿಯಾದಾಗ ಚಾರ್ಜ್ ಒಪ್ಪಿಸಬೇಕು; ವಹಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟು ಪುಸ್ತಕ ಎಣಿಸಿ ಕೊಡಬೇಕು. ಎಂಟು ಪುಸ್ತಕ ಕಡಿಮೆ ಬಂದರೆ ಉತ್ತರಿಸಬೇಕಾದವರು ಓದಿದ ಮಕ್ಕಳಲ್ಲ, ಸಹಿ ಹಾಕಿದವರು. ಕೊಡದೇ ಇಟ್ಟ ಪುಸ್ತಕ ಎಂದೂ ಕಳೆಯುವುದಿಲ್ಲ. ಈ ತರ್ಕವನ್ನು ಬಗೆಹರಿಸದೆ ‘ಓದುವ ಸಂಸ್ಕೃತಿ’ಯ ಬಗ್ಗೆ ಎಷ್ಟು ಭಾಷಣ ಮಾಡಿದರೂ ಬೀರು ತೆರೆಯುವುದಿಲ್ಲ.

ಪರಿಹಾರ ಕಾಗದದ ಮೇಲೇ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ವಿಷಯ ಇಡಿ. ನಡಾವಳಿ ಪುಸ್ತಕದಲ್ಲಿ ನಾವು ಬರೆಸಿದ್ದು ಇಷ್ಟು: ‘ಮಕ್ಕಳ ಬಳಕೆಯಿಂದ ಹರಿದ ಹಾಗೂ ಕಳೆದ ಪುಸ್ತಕಗಳ ಪಟ್ಟಿಯನ್ನು ಪ್ರತಿವರ್ಷ ಮಾರ್ಚ್ ತಿಂಗಳ ಸಭೆಯಲ್ಲಿ ಪರಿಶೀಲಿಸಿ, ದಾಸ್ತಾನಿನಿಂದ ಕೈಬಿಡಲು ಕ್ರಮ ವಹಿಸುವುದು.’ ನಿರ್ಣಯದ ಪ್ರತಿಯನ್ನು ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ತೋರಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೈಬಿಡುವ ಕ್ರಮವೇನೆಂದು ಮೊದಲೇ ಕೇಳಿಟ್ಟುಕೊಳ್ಳಿ. ದಾನವಾಗಿ ಬಂದ ಪುಸ್ತಕಗಳಿಗೆ ಬೇರೆ ವಹಿ ಇಡಿ. ಸಭೆಯಲ್ಲಿ ಯಾರಾದರೂ ‘ಇದೆಲ್ಲ ಯಾಕೆ’ ಎಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೋರಿಸಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕಗಳು ಮತ್ತು ಕಥೆಪುಸ್ತಕಗಳು ಸಿಗಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ಅದು ಮೊದಲಿರುವುದು ಏಕೆಂದು ಯಾವ ಸರ್ಕಾರಿ ಶಾಲೆಯ ಶಿಕ್ಷಕರಿಗೂ ವಿವರಿಸಬೇಕಾಗಿಲ್ಲ.

2. ಎಲ್ಲವನ್ನೂ ಹೊರಗೆ ಹಾಕಿ

ಬಿಸಿಲಿರುವ ಒಂದು ಶನಿವಾರ ಬೀರು ಖಾಲಿ ಮಾಡಿ. ಇಲಾಖೆಯ ತರಬೇತಿ ಕೈಪಿಡಿ, ಹಳೆಯ ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಯಾರದೋ ಸನ್ಮಾನಕ್ಕೆ ಬಂದ ಸ್ಮರಣ ಸಂಚಿಕೆ ಇವೆಲ್ಲ ಶಿಕ್ಷಕರ ಕೋಣೆಗೆ ಹೋಗಲಿ. ಉಳಿದದ್ದನ್ನು ಮುಖಪುಟ ಮೇಲೆ ಮಾಡಿ ಜಮಖಾನದ ಮೇಲೆ ಹರಡಿ, ಮಕ್ಕಳನ್ನು ಅರ್ಧ ಗಂಟೆ ಬಿಟ್ಟುಬಿಡಿ. ನೀವು ಮಾತನಾಡಬೇಡಿ. ಯಾವ ಪುಸ್ತಕಕ್ಕೆ ಜಗಳವಾಗುತ್ತದೆ, ಯಾವುದನ್ನು ಎತ್ತಿ ಎರಡು ಪುಟ ತಿರುಗಿಸಿ ಇಟ್ಟುಬಿಡುತ್ತಾರೆ, ಯಾವುದನ್ನು ಯಾರೂ ಮುಟ್ಟುವುದಿಲ್ಲ ಎಂದು ಬರೆದುಕೊಳ್ಳಿ. ಮುಂದೆ ಯಾವ ಪುಸ್ತಕ ಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದಿಲ್ಲ. ನಮ್ಮಲ್ಲಿ ಯಾರೂ ಮುಟ್ಟದೆ ಉಳಿದವು ಸಣ್ಣಕ್ಷರದಲ್ಲಿ ಅಚ್ಚಾದ ಮಹಾಪುರುಷರ ಜೀವನಚರಿತ್ರೆಗಳು. ಜಗಳವಾದದ್ದು ಹಾವುಗಳ ಚಿತ್ರವಿದ್ದ, ಬೆನ್ನು ಕಿತ್ತುಹೋದ ಒಂದು ಪುಸ್ತಕಕ್ಕೆ.

3. ಕನ್ನಡ ಓದಿಗೆ ತಕ್ಕ ಮೆಟ್ಟಿಲು

ತರಗತಿವಾರು ಪುಸ್ತಕ ಹಂಚುವುದು ಸುಲಭ, ಆದರೆ ತಪ್ಪು. ಐದನೇ ತರಗತಿಯಲ್ಲಿ ಕುಳಿತ ಮಗು ಎರಡನೆಯ ತರಗತಿಯ ಮಟ್ಟದಲ್ಲಿ ಓದುತ್ತಿರಬಹುದು. ಇಂಗ್ಲಿಷ್ ಪುಸ್ತಕಗಳಿಗೆ ಮಾಡಿದ ಮಟ್ಟಗಳನ್ನು ತಂದು ಕನ್ನಡಕ್ಕೆ ಅಂಟಿಸಿದರೆ ಕೆಲಸ ನಡೆಯುವುದಿಲ್ಲ. ಕನ್ನಡದಲ್ಲಿ ಮಗು ಎಡವುವುದು ಪದದ ಉದ್ದಕ್ಕಿಂತ ಹೆಚ್ಚಾಗಿ ಒತ್ತಕ್ಷರದಲ್ಲಿ. ಅದಕ್ಕೇ ನಾನು ಬಣ್ಣದ ಪಟ್ಟಿ ಅಂಟಿಸುವಾಗ ಒತ್ತಕ್ಷರವನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ.

ಹಸಿರು ಪಟ್ಟಿ: ಚಿತ್ರವೇ ಪ್ರಧಾನ, ಪುಟಕ್ಕೆ ಒಂದು ಸಾಲು, ಅಥವಾ ಮಾತೇ ಇಲ್ಲದ ಚಿತ್ರಪುಸ್ತಕ. ಹಳದಿ: ಗುಣಿತಾಕ್ಷರಗಳೆಲ್ಲ ಬರಬಹುದು, ಒತ್ತಕ್ಷರ ಮಾತ್ರ ಬಹುಮಟ್ಟಿಗೆ ಸಜಾತಿಯವು, ಅಂದರೆ ಅಕ್ಕ, ಬೆಟ್ಟ, ಹಳ್ಳ. ನೀಲಿ: ಪುಸ್ತಕ, ರಾತ್ರಿ, ಸೂರ್ಯ ಎಂಬಂಥ ವಿಜಾತಿ ಒತ್ತಕ್ಷರ, ಪುಟಕ್ಕೆ ಎರಡು ಮೂರು ಪ್ಯಾರಾ. ಕೆಂಪು: ಅಧ್ಯಾಯಗಳಾಗಿ ಸಾಗುವ, ಚಿತ್ರ ಕಡಿಮೆ ಇರುವ ಪುಸ್ತಕ.

ನೀಲಿ ಪಟ್ಟಿಯಲ್ಲಿ ಅರ್ಕಾವತ್ತಿನ ಮೇಲೆ ಕಣ್ಣಿಡಿ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ‘ಯ’ದ ಬಲಕ್ಕೆ ನಿಂತಿರುತ್ತದೆ, ಉಚ್ಚಾರಣೆಯಲ್ಲಿ ಮೊದಲು ಬರುತ್ತದೆ. ಕಣ್ಣು ಎಡದಿಂದ ಬಲಕ್ಕೆ ಹೋಗುವ ಮಗು ನ್ಯಾಯವಾಗಿಯೇ ‘ಸೂಯ್ರ’ ಎಂದು ಓದುತ್ತದೆ. ಅದನ್ನು ದಡ್ಡತನ ಎನ್ನಬೇಡಿ. ಲಿಪಿಯ ತಂತ್ರ ಅದು. ಕಾರ್ಯ, ಧೈರ್ಯ, ವರ್ಷ, ಮಾರ್ಗ ಎಂದು ನಾಲ್ಕು ಪದ ಬೋರ್ಡಿನ ಮೇಲೆ ಬರೆದು ಒಂದು ವಾರ ಆಟವಾಡಿಸಿದರೆ ಮುಗಿಯಿತು.

ಪುಸ್ತಕ ಮಗುವಿಗೆ ಹೊಂದುತ್ತದೆಯೇ ಎಂದು ನೋಡಲು ಐದು ಬೆರಳಿನ ಉಪಾಯ ಸಾಕು. ನಡುವಿನ ಒಂದು ಪುಟ ಓದಿಸಿ, ತೊಡಕಾದ ಪದಕ್ಕೊಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ಒಂದೂ ಮಡಚದಿದ್ದರೆ ಆರಾಮದ ಓದು. ಆರಾಮದ ಓದಿಗೂ ಬೆಲೆಯಿದೆ. ಮತ್ತೊಂದು ಮಾತು: ಬಣ್ಣ ಪುಸ್ತಕಕ್ಕೆ, ಮಗುವಿಗಲ್ಲ. ಏಳನೇ ತರಗತಿಯ ಹುಡುಗ ‘ತಂಗಿಗೆ ಬೇಕು’ ಎಂದು ಹಸಿರು ಪುಸ್ತಕ ಒಯ್ದರೆ ಏನೂ ಕೇಳದೆ ಕೊಡಿ. ಬಹಳ ಸಲ ಆ ತಂಗಿ ಇರುವುದೇ ಇಲ್ಲ.

4. ಮಳೆಗೆ ಅಂಜಿ ಜಾಗ ಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳು ಬೆವರುತ್ತವೆ. ಬೀರುವನ್ನು ಗೋಡೆಯಿಂದ ಅರ್ಧ ಅಡಿ ದೂರ, ಇಟ್ಟಿಗೆಯ ಮೇಲೆ ನಿಲ್ಲಿಸಿ. ಪುಸ್ತಕಗಳನ್ನು ಒತ್ತಿ ತುಂಬಬೇಡಿ, ಗಾಳಿಯಾಡಲಿ. ದಿನವೂ ಬೀರು ತೆರೆದರೆ ಅರ್ಧ ಬೂಷ್ಟು ತಾನಾಗಿ ದೂರವಾಗುತ್ತದೆ. ಓದಿಸಲು ತೆರೆಯದವರು ಬೂಷ್ಟಿಗಾದರೂ ತೆರೆಯಲಿ. ಬೂಷ್ಟು ಹಿಡಿದ ಪುಸ್ತಕವನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಇಡಿ. ಸುಡುಬಿಸಿಲಿಗೆ ಹಾಕಿದರೆ ರಟ್ಟು ಹಪ್ಪಳದಂತೆ ಸುರುಳುತ್ತದೆ. ನೆನೆದ ಪುಸ್ತಕವಾದರೆ ಹತ್ತು ಹದಿನೈದು ಪುಟಕ್ಕೊಂದರಂತೆ ದಿನಪತ್ರಿಕೆಯ ಹಾಳೆ ಇಟ್ಟು, ಹಾಳೆ ಒದ್ದೆಯಾದಂತೆಲ್ಲ ಬದಲಿಸುತ್ತ ಹೋಗಿ.

ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ. ಅದು ವಿಷ, ಚಿಕ್ಕ ಮಕ್ಕಳಿಗೆ ಪೆಪ್ಪರಮಿಂಟಿನಂತೆ ಕಾಣುತ್ತದೆ. ಒಣಗಿದ ಬಜೆಯ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ. ಓಲೆಗರಿ ಕಾಪಾಡುತ್ತಿದ್ದವರ ಉಪಾಯ ಅದು. ಅರಸೀಕೆರೆ, ಕಡೂರಿನ ಬಯಲುಸೀಮೆಯವರಿಗೆ ಮಳೆಗಿಂತ ಗೆದ್ದಲಿನ ಚಿಂತೆ ಹೆಚ್ಚು. ಅಲ್ಲಿ ಮರದ ಕಪಾಟು ಬೇಡ, ನೆಲದ ಮೇಲೆ ಪುಸ್ತಕದ ಕಟ್ಟು ಒಂದು ರಾತ್ರಿಯೂ ಬೇಡ.

ಪುಸ್ತಕಗಳು ಬೆನ್ನು ತೋರಿಸಿ ನಿಂತರೆ ಚಿಕ್ಕ ಮಕ್ಕಳಿಗೆ ಅವು ಕಾಣುವುದೇ ಇಲ್ಲ. ನಲಿ-ಕಲಿ ಕೋಣೆಯಲ್ಲಿ, ಅಂದರೆ ಒಂದರಿಂದ ಮೂರನೆಯ ತರಗತಿಯವರು ಕಾರ್ಡು ಹಿಡಿದು ಒಟ್ಟಿಗೆ ಕಲಿಯುವ ಕೋಣೆಯಲ್ಲಿ, ಮಕ್ಕಳ ಎದೆಯ ಎತ್ತರಕ್ಕೆ ದಾರ ಕಟ್ಟಿ ಇಪ್ಪತ್ತು ಪುಸ್ತಕ ನೇತುಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ಆ ಮಕ್ಕಳಿಗೆ ಅಷ್ಟೇ ಗ್ರಂಥಾಲಯ, ಅಷ್ಟೇ ಸಾಕು.

5. ಮನೆಗೆ ಕೊಡಿ

ಒಂದು ತರಗತಿಗೆ ಒಂದು ನೂರು ಪುಟದ ನೋಟ್‌ಬುಕ್ಕು. ಪ್ರತಿ ಮಗುವಿಗೆ ಒಂದು ಪುಟ. ಪುಸ್ತಕದ ಸಂಖ್ಯೆ, ಒಯ್ದ ದಿನ, ತಂದ ದಿನ, ಮತ್ತು ಕೊನೆಯಲ್ಲಿ ಮಗುವೇ ಹಾಕುವ ಗುರುತು: ಹಿಡಿಸಿದರೆ ನಗುವ ಮುಖ, ಹಿಡಿಸದಿದ್ದರೆ ಗಂಟುಮೋರೆ. ಬರೆಯುವ ಕೆಲಸ ಆರು, ಏಳನೇ ತರಗತಿಯ ಮಕ್ಕಳದು. ಅವರು ಬರೆದರೆ ತಪ್ಪಾಗುತ್ತದೆ ಎಂದು ನೀವೇ ಬರೆಯಲು ಕುಳಿತರೆ ಎರಡು ತಿಂಗಳಲ್ಲಿ ಬಿಟ್ಟುಬಿಡುತ್ತೀರಿ, ಬಿಡುವುದು ಖಂಡಿತ.

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಕೊಡುವುದು, ಬುಧವಾರ ಹಿಂದಕ್ಕೆ ಪಡೆಯುವುದು ನಮ್ಮ ಕ್ರಮ. ಮಳೆಗಾಲದಲ್ಲಿ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡುತ್ತೇವೆ, ಕವರೂ ವಾಪಸು ಬರಬೇಕು. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಡುವ ಸೂಚನೆ ಕಂಡರೆ ಹಿಂದಿನ ದಿನವೇ ತಲಾ ಎರಡು ಪುಸ್ತಕ ಹಂಚಿಬಿಡಿ. ಕರೆಂಟೂ ಇಲ್ಲದ ಆ ನಾಲ್ಕು ದಿನ ಮನೆಯಲ್ಲಿ ಮಾಡಲು ಬೇರೇನೂ ಇರುವುದಿಲ್ಲ. ದಸರೆ ಮತ್ತು ಬೇಸಿಗೆ ರಜೆಗೂ ಇದೇ ನಿಯಮ.

ದಂಡ ಹಾಕಬೇಡಿ. ಐದು ರೂಪಾಯಿ ದಂಡಕ್ಕೆ ಹೆದರಿದ ಮನೆಯವರು ‘ಪುಸ್ತಕವೇ ತರಬೇಡ’ ಎನ್ನುತ್ತಾರೆ. ಕಾಫಿ ಕೊಯ್ಲಿನ ಕಾಲದಲ್ಲಿ, ನವೆಂಬರ್‌ನಿಂದ ಮಾರ್ಚ್‌ವರೆಗೆ, ತೋಟದ ಕೂಲಿಯವರ ಲೈನ್ ಮನೆಗಳಿಗೆ ಬಂದುಹೋಗುವ ಕುಟುಂಬಗಳ ಮಕ್ಕಳಿಗೆ ಪುಸ್ತಕ ಕೊಡಬೇಕೇ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಕೊಡಬೇಕು. ಒಂದು ಫೆಬ್ರವರಿಯಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಹೇಳದೆ ಕೇಳದೆ ಬರುವುದು ನಿಂತಳು. ಲೈನ್ ಮನೆಗೆ ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಪುಸ್ತಕ ಹೋಯಿತೆಂದು ವಹಿಯಲ್ಲಿ ಬರೆದೆವು. ವಾರದ ನಂತರ ಬಸ್ ನಿಲ್ದಾಣದ ಹೋಟೆಲಿನವರು ಕರೆದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಪುಸ್ತಕ ಕೊಟ್ಟರು. ‘ಬಸ್ ಹತ್ತುವಾಗ ಆ ಮಗು ಕೊಟ್ಟು ಹೋಯಿತು ಮೇಡಂ, ಶಾಲೆಗೆ ತಲುಪಿಸಿ ಎಂದು.’ ಕವರೂ ಬಂದಿತ್ತು.

6. ಗಟ್ಟಿ ಓದಿನ ಅವಧಿ

ಉಳಿದೆಲ್ಲ ಹೆಜ್ಜೆ ಅರ್ಧಕ್ಕೆ ನಿಂತರೂ ಇದನ್ನು ನಿಲ್ಲಿಸಬೇಡಿ. ಓದಲು ಬಾರದ ಮಗುವಿಗೆ ಪುಸ್ತಕದೊಳಗೆ ಏನಿದೆ ಎಂದು ಗೊತ್ತಾಗುವುದು ಬೇರೊಬ್ಬರು ಓದಿ ತೋರಿಸಿದಾಗ ಮಾತ್ರ. ನಲಿ-ಕಲಿಯ ಕಾರ್ಡುಗಳು ಅಕ್ಷರ ಕೂಡಿಸುವುದನ್ನು ಕಲಿಸುತ್ತವೆ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮ ಮೂರನೇ ತರಗತಿಯ ಹೊತ್ತಿಗೆ ಅರ್ಥವರಿತು ಓದಬೇಕೆಂಬ ಗುರಿ ಇಟ್ಟುಕೊಂಡಿದೆ. ಕಾರ್ಡಿಗೂ ಗುರಿಗೂ ನಡುವೆ ಬೇಕಾದದ್ದು ರಾಶಿ ರಾಶಿ ಓದು, ಅದು ಪಠ್ಯಪುಸ್ತಕವೊಂದರಿಂದ ಆಗುವುದಿಲ್ಲ.

ಕ್ರಮ ಹೀಗಿದೆ. ಮನೆಯಲ್ಲಿ ಪುಸ್ತಕವನ್ನು ಎರಡು ಸಲ ಓದಿಕೊಂಡು ಬನ್ನಿ. ಒಮ್ಮೆ ಕಥೆಗೆ, ಒಮ್ಮೆ ದನಿಗೆ. ಮಕ್ಕಳನ್ನು ಸಾಲಾಗಿ ಕೂರಿಸಬೇಡಿ, ಅರ್ಧಚಂದ್ರಾಕಾರದಲ್ಲಿ ಹತ್ತಿರ ಕೂರಿಸಿ. ಪುಸ್ತಕದ ಮುಖ ಅವರ ಕಡೆಗಿರಲಿ, ನೀವು ಪಕ್ಕದಿಂದ ಓದಿ. ಒಂದರಿಂದ ಮೂರನೆಯ ತರಗತಿಯವರಿಗಾದರೆ ಪದದ ಕೆಳಗೆ ಬೆರಳು ಓಡಲಿ. ಮುಖಪುಟ ನೋಡಿ ‘ಏನಾಗಬಹುದು’ ಎಂದು ಒಮ್ಮೆ ಕೇಳಿ, ನಡುವೆ ಒಂದೇ ಕಡೆ ನಿಲ್ಲಿಸಿ, ಮುಗಿದ ಮೇಲೆ ಸುಮ್ಮನಿರಿ. ಈ ಸುಮ್ಮನಿರುವುದು ಶಿಕ್ಷಕರಿಗೆ ಬಹಳ ಕಷ್ಟ. ನಾಲಗೆಯ ತುದಿಗೆ ಬರುವ ‘ಈ ಕಥೆಯ ನೀತಿ ಏನು?’ ಎಂಬುದನ್ನು ನುಂಗಿಕೊಳ್ಳಿ. ಆ ಪ್ರಶ್ನೆ ಕೇಳಿದ ಕ್ಷಣ ಕಥೆ ಪಾಠವಾಗುತ್ತದೆ, ಮಕ್ಕಳು ಕೈಕಟ್ಟಿ ಕೂರುತ್ತಾರೆ. ತಗಡಿನ ಮಾಡಿನ ಕೋಣೆಯಾದರೆ ಜೋರು ಮಳೆಯಲ್ಲಿ ದನಿ ಕೇಳಿಸುವುದಿಲ್ಲ. ಆ ದಿನ ಮಾತಿಲ್ಲದ ಚಿತ್ರಪುಸ್ತಕ ಹಿಡಿದು ಪುಟ ತಿರುಗಿಸಿ.

ಒಮ್ಮೆ ನಾಲ್ಕನೆಯ ತರಗತಿಗೆ ಆನೆಯ ಕಥೆಯೊಂದನ್ನು ಓದುತ್ತಿದ್ದೆ. ಚಿತ್ರದಲ್ಲಿ ಆನೆ ಹಗಲಿನಲ್ಲಿ, ಕುಣಿಯುತ್ತ, ಊರೊಳಗೆ ಬರುತ್ತದೆ. ಹಿಂದೆ ಕುಳಿತ, ವರ್ಷವಿಡೀ ಬಾಯಿ ಬಿಡದ ಹುಡುಗ ಎದ್ದು ನಿಂತ. ‘ಮಿಸ್, ಆನೆ ಹೀಗೆ ಬರುವುದಿಲ್ಲ.’ ಮತ್ತೆ ಹೇಗೆ ಬರುತ್ತದೆ? ‘ಮೊದಲು ನಾಯಿ ಬೊಗಳುವುದು ನಿಲ್ಲುತ್ತದೆ. ಆಮೇಲೆ ಬೈನೆ ಮರ ಮುರಿಯುವ ಸದ್ದು. ಆನೆ ಕಾಣುವುದಿಲ್ಲ.’ ಇನ್ನೊಬ್ಬಳು ಹಲಸಿನ ಹಣ್ಣಿನ ಕಾಲದಲ್ಲಿ ತಮ್ಮ ಹಿತ್ತಿಲಿಗೆ ಬಂದದ್ದನ್ನು ಹೇಳಿದಳು. ಸಕಲೇಶಪುರ, ಆಲೂರು ಕಡೆಯವರಿಗೆ ಇದು ಹೊಸ ಸುದ್ದಿಯಲ್ಲ. ಪುಸ್ತಕ ಮುಚ್ಚಿಟ್ಟೆ. ಮರುವಾರ ನಾಲ್ಕು ಎ4 ಹಾಳೆ ಮಡಚಿ ಹದಿನಾರು ಪುಟ ಮಾಡಿ, ಅವರು ಹೇಳಿದ್ದನ್ನು ಅವರಿಂದಲೇ ಬರೆಸಿ, ಚಿತ್ರ ಬಿಡಿಸಿದೆವು. ಒಂದು ಪುಟ ಪೂರ್ತಿ ಕಪ್ಪು, ಆನೆ ಕಾಣದ ರಾತ್ರಿ. ಆ ಪುಸ್ತಕಕ್ಕೆ ಸಂಖ್ಯೆ ಕೊಟ್ಟು ವಹಿಗೆ ಸೇರಿಸಿದ್ದೇವೆ. ನಮ್ಮಲ್ಲಿ ಹೆಚ್ಚು ಸಲ ಮನೆಗೆ ಹೋದ ಪುಸ್ತಕ ಅದೇ.

ಮನೆಯಲ್ಲಿ ತುಳು, ತಮಿಳು, ಕೊಂಕಣಿ, ಲಂಬಾಣಿ ಆಡುವ ಮಕ್ಕಳು ನಿಮ್ಮಲ್ಲಿದ್ದರೆ ಚಿತ್ರಪುಸ್ತಕದ ಕಥೆಯನ್ನು ಅವರ ಮಾತಿನಲ್ಲೇ ಹೇಳಿಸಿ. ಉಳಿದವರಿಗೆ ಅರ್ಥವಾಗದಿದ್ದರೂ ಚಿತ್ರ ನೋಡಿ ಊಹಿಸುತ್ತಾರೆ, ನಗುತ್ತಾರೆ. ಕನ್ನಡ ತಾನಾಗಿ ಹಿಂದೆಯೇ ಬರುತ್ತದೆ.

ವಾರದ ಇನ್ನೊಂದು ಅವಧಿ ಮೌನ ಓದಿಗೆ. ಹದಿನೈದು ನಿಮಿಷ ಸಾಕು. ನೀವೂ ಓದಬೇಕು, ಆ ಹೊತ್ತಿನಲ್ಲಿ ಕಾಪಿ ತಿದ್ದಿದರೆ ಓದುವುದು ಮಕ್ಕಳಿಗೆ ಮಾತ್ರ ವಿಧಿಸಿದ ಕೆಲಸ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ.

7. ಪಾಠದ ಜೊತೆ ಗಂಟು ಹಾಕುವುದು

ಪ್ರತಿ ಪಾಠಕ್ಕೂ ಪುಸ್ತಕ ಹುಡುಕುತ್ತ ಹೋಗಬೇಡಿ. ತಿಂಗಳಿಗೆ ಒಂದು ಪ್ರಶ್ನೆ ಸಾಕು, ಉತ್ತರ ಪಠ್ಯಪುಸ್ತಕದಲ್ಲಿ ಪೂರ್ತಿ ಸಿಗದಂಥದ್ದು. ‘ನಮ್ಮ ಊರಿನ ಪಕ್ಕದ ಹೊಳೆಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ?’ ಎಂದು ಆರನೆಯ ತರಗತಿಗೆ ಕೇಳಿದೆ. ನಕಾಶೆ ಬಂತು, ಜಿಲ್ಲಾ ಪರಿಚಯದ ಪುಸ್ತಕ ಬಂತು. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಸಕಲೇಶಪುರ ಹಾದು, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವವರೆಗೆ ಬೆರಳಿಟ್ಟು ಹೋದರು. ಈ ಹುಡುಕಾಟದಲ್ಲಿ ನಾನು ಕಲಿಸಿದ್ದು ನದಿಯನ್ನಲ್ಲ, ಪರಿವಿಡಿ ನೋಡುವುದನ್ನು. ಪುಸ್ತಕದ ಮೊದಲ ಪುಟದಿಂದ ಹಾಳೆ ತಿರುವದೆ ಬೇಕಾದಲ್ಲಿಗೆ ನೇರ ಹೋಗಬಹುದು ಎಂಬುದೇ ಅನೇಕ ಮಕ್ಕಳಿಗೆ ಗೊತ್ತಿರುವುದಿಲ್ಲ.

ನಿಘಂಟೂ ಹಾಗೆಯೇ. ‘ಕ್ಷಮೆ’ ಹುಡುಕಲು ಹೇಳಿದರೆ ವರ್ಣಮಾಲೆಯ ಪಟದಲ್ಲಿ ಕಂಡ ನೆನಪಿನಿಂದ ಕೊನೆಯ ಪುಟಕ್ಕೆ ಹೋಗುತ್ತಾರೆ. ಅದು ‘ಕ’ದೊಳಗೆ, ‘ಜ್ಞಾನ’ ‘ಜ’ದೊಳಗೆ ಇದೆ ಎಂದು ತೋರಿಸಿಕೊಡಬೇಕು. ಗಣಿತಕ್ಕೆ ವಿತರಣೆಯ ನೋಟ್‌ಬುಕ್ಕೇ ಸಾಮಗ್ರಿ: ಯಾವ ಬಣ್ಣದ ಪುಸ್ತಕ ಎಷ್ಟು ಹೋಯಿತು ಎಂದು ಸ್ತಂಭಾಲೇಖ ಎಳೆಯಲಿ. ಆದರೆ ಯಾರು ಹೆಚ್ಚು ಓದಿದರು ಎಂಬ ಪಟ್ಟಿ ಗೋಡೆಗೆ ಹಚ್ಚಬೇಡಿ. ನಾವು ಒಂದು ವರ್ಷ ಬಹುಮಾನ ಇಟ್ಟಿದ್ದೆವು. ಒಬ್ಬ ಹುಡುಗ ಒಂದು ವಾರದಲ್ಲಿ ಹನ್ನೊಂದು ಹಸಿರು ಪುಸ್ತಕ ‘ಮುಗಿಸಿದ’.

8. ದುಡ್ಡು, ಖರೀದಿ, ಪಂಚಾಯಿತಿ

ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಬಂದಾಗ ಕಟ್ಟು ಕಟ್ಟಿ ತರುವ ಮಾರಾಟಗಾರರಿಂದ ಕಣ್ಣುಮುಚ್ಚಿ ಕೊಳ್ಳಬೇಡಿ; ಆ ಕಟ್ಟಿನಲ್ಲಿ ಎರಡು ಒಳ್ಳೆಯದಿದ್ದರೆ ಎಂಟು ಯಾರೂ ಮುಟ್ಟದವು. ಎರಡನೆಯ ಹೆಜ್ಜೆಯ ಪಟ್ಟಿ ಹಿಡಿದು, ಸಾಧ್ಯವಾದರೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕದಂಥವರ ಮಕ್ಕಳ ಪುಸ್ತಕಗಳು ಕೈಗೆಟುಕುವ ಬೆಲೆಯವು. ರಾಜ್ಯೋತ್ಸವದ ತಿಂಗಳಿನಲ್ಲಿ ರಿಯಾಯಿತಿ ಮಾರಾಟಗಳಿರುತ್ತವೆ, ಕಾದು ಕೊಳ್ಳಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು.

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ನಿಮ್ಮ ಎರಡನೆಯ ಬೀರು ಎಂದು ತಿಳಿಯಿರಿ. 2020ರ ಮಕ್ಕಳ ದಿನದಿಂದ ನಡೆದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಗುತ್ತಿದೆ. ತಿಂಗಳಿಗೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸದಸ್ಯತ್ವ ಮಾಡಿಸಿ.

9. ರಿಪೇರಿ, ಮತ್ತು ಮಾರ್ಚ್ ತಿಂಗಳ ಎಣಿಕೆ

ನಮ್ಮ ಹವೆಯಲ್ಲಿ ಪುಸ್ತಕದ ಮೊದಲ ಶತ್ರು ಸ್ಟೇಪ್ಲರ್ ಪಿನ್ನು. ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು, ಕಂದು ಕಲೆಯಾಗಿ, ನಡುವಿನ ಹಾಳೆ ಕೈಗೆ ಬರುತ್ತದೆ. ತೆಳು ಪುಸ್ತಕ ಕೊಂಡ ದಿನವೇ ಪಿನ್ನು ಕಿತ್ತು, ಅದೇ ತೂತುಗಳಲ್ಲಿ ದಪ್ಪ ಬಿಳಿ ದಾರದಿಂದ ಹೊಲಿದುಬಿಡಿ. ನಡುವಿನ ಮಡಿಕೆಯಲ್ಲಿ ಮೂರು ತೂತು: ನಡುವಿನದರಿಂದ ಒಳಗೆ ಹೋಗಿ, ಮೇಲಿನದರಲ್ಲಿ ಹೊರಗೆ, ಕೆಳಗಿನದರಲ್ಲಿ ಒಳಗೆ, ಮತ್ತೆ ನಡುವಿನದರಲ್ಲಿ ಹೊರಗೆ ಬಂದು ಗಂಟು. ಆರನೆಯ ತರಗತಿಯ ಮಕ್ಕಳು ಐದು ನಿಮಿಷಕ್ಕೊಂದು ಹೊಲಿಯುತ್ತಾರೆ. ‘ಕಾಸಿನ ಕುದುರೆಗೆ ಬಾಲದ ಲಗಾಮು’ ಎಂಬ ಒಗಟು ಕೇಳಿ. ಉತ್ತರ ಅವರ ಕೈಯಲ್ಲೇ ಇರುತ್ತದೆ.

ಹರಿದ ಹಾಳೆಗೆ ಸೆಲೋ ಟೇಪು ಬೇಡ, ಹಳದಿಯಾಗಿ ಎದ್ದುಬರುತ್ತದೆ. ತೆಳುವಾದ ಬಟರ್ ಪೇಪರಿನ ಪಟ್ಟಿಗೆ ಅಂಟು ಸವರಿ ಹಚ್ಚಿ. ಹುಳ ಹಿಡಿಯದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದು ಬೈಂಡಿಂಗಿನವರ ರೂಢಿ, ಮೈಲುತುತ್ತ ಸೇರಿದ ಬೋರ್ಡೋ ದ್ರಾವಣವನ್ನು ತೋಟಕ್ಕೆ ಹೊಡೆಯುವ ನಮ್ಮೂರಿನಲ್ಲಿ ಅದು ಮನೆಮನೆಯಲ್ಲೂ ಸಿಗುತ್ತದೆ. ಶಾಲೆಯ ಪುಸ್ತಕಕ್ಕಂತೂ ಅದನ್ನು ಬಳಸಬೇಡಿ, ಅದೂ ವಿಷ. ಮಕ್ಕಳು ಬೆರಳು ನೆಕ್ಕಿ ಪುಟ ತಿರುಗಿಸುತ್ತಾರೆ.

ಮಾರ್ಚ್ ಮೊದಲ ವಾರ ವಹಿ ಹಿಡಿದು ಕುಳಿತು ಎಣಿಸಿ. ಕಳೆದದ್ದು, ರಿಪೇರಿಗೆ ಮೀರಿದ್ದು ಎಂದು ಎರಡು ಪಟ್ಟಿ ಮಾಡಿ ಸಭೆಯ ಮುಂದಿಡಿ. ಕಳೆದ ಸಲ ನಮ್ಮ ಪಟ್ಟಿಯಲ್ಲಿ ಹದಿನೇಳು ಪುಸ್ತಕಗಳಿದ್ದವು. ಸದಸ್ಯರೊಬ್ಬರು, ತೋಟದಲ್ಲಿ ಮೇಸ್ತ್ರಿ, ಪಟ್ಟಿ ನೋಡಿ, ‘ಈ ಹಾವಿನ ಪುಸ್ತಕ ನಮ್ಮ ಮನೆಯಲ್ಲಿದೆ, ಹುಡುಗ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ’ ಎಂದರು. ಆ ಸಾಲು ಹೊಡೆದುಹಾಕಿ ಹದಿನಾರಕ್ಕೆ ಸಹಿ ಮಾಡಿದೆವು. ಕೈಬಿಟ್ಟ ಪುಸ್ತಕಗಳ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರೆ ನಲಿ-ಕಲಿ ಕೋಣೆಗೆ ಒಂದು ವರ್ಷದ ಮಾತಿನ ಕಾರ್ಡುಗಳಾಗುತ್ತವೆ.